ಬುಲೆಟ್ಟಿಗೂ ಒಂದು ಮೂಗಿದೆ ಸ್ವಾಮಿ

ಬ್ಲಾಗಿನ ಕಡೆ ತಲೆ ಹಾಕದೆ ಮೂರು ತಿಂಗಳ ಮೇಲಾಯ್ತು. ಆಫೀಸಿನಲ್ಲಿ ರಿಲೀಸ್ ಗಲಾಟೆ, ಮಧ್ಯೆ ಊರಿಗೆ ಹೋಗಿ ಬಂದದ್ದು, ಬಂದ ಮೇಲೆ ರೂಮ್ ಬದಲಾಯಿಸಿದ್ದು... ಕಾರಣ ಹೇಳ್ತಾ ಹೋದ್ರೆ ಅದೇ ಒಂದು ಪೋಸ್ಟ್ ಆಗುತ್ತೆ. "ಎಲ್ಲಿ ಕಳೆದುಹೋದೆ ಮಾರಾಯ" ಅಂತ ಮೇಲ್ ಹಾಕಿ ವಿಚಾರಿಸಿದ ಇಬ್ಬರಿಗೆ ಥ್ಯಾಂಕ್ಸ್. ಇವತ್ತು ಬರೀತಿರೋದು ಗ್ರೀಸು ಮೆತ್ತಿಕೊಂಡ ವಿಷಯ. ಬೈಕು ಅಂದ್ರೆ ಅಲರ್ಜಿ ಇರೋರು ಮುಂದಿನ ವಾರ ಬನ್ನಿ :-)

ಇದು ಶುರುವಾದದ್ದು ಇಲ್ಲೇ, ಸೀಬ್‌ನಲ್ಲಿ. ನಮ್ಮ ಆಫೀಸಿನ ಹಿರಿಯ ಒಮಾನಿ ಸಹೋದ್ಯೋಗಿಯೊಬ್ಬರು ಮನೆ ಹಿಂದಿನ ಶೆಡ್ಡಿನಲ್ಲಿ 1968ರ ಟ್ರಯಂಫ್ ಬಾನವಿಲ್ ಒಂದನ್ನು ಇಟ್ಟುಕೊಂಡಿದ್ದಾರೆ. ಒಂದು ಶುಕ್ರವಾರ ಬೆಳಿಗ್ಗೆ ಕಹ್ವಾ ಕುಡಿಯೋಕೆ ಕರೆದವರು, ಕುಡಿದು ಮುಗಿಸೋ ಮುಂಚೆಯೇ ಶೆಡ್ಡಿಗೆ ಕರ್ಕೊಂಡು ಹೋದರು. ಎಂಜಿನ್ ಬಿಚ್ಚಿ ಹರಡಿತ್ತು. ಕ್ಯಾಮ್‌ಶಾಫ್ಟಿನ ತುದಿಯಲ್ಲಿ ಕೂರುವ, ತೂತುಗಳಿದ್ದ ಒಂದು ಪುಟ್ಟ ಬಿಲ್ಲೆಯನ್ನು ಅಂಗೈ ಮೇಲಿಟ್ಟು ತೋರಿಸಿ "ಇದು ಇವಳ ಮೂಗು" ಅಂದರು. ಆಮೇಲೆ ತಮ್ಮ ಮುಂಬೈ ಹಿಂದಿಯಲ್ಲಿ ಕೇಳಿದರು, "ಸದೀಕ್, ನಿಮ್ಮಪ್ಪನ ಬುಲೆಟ್ ಎಲ್ಲಿಂದ ಉಸಿರಾಡುತ್ತೆ?"

ನನಗೆ ಉತ್ತರ ಗೊತ್ತಿತ್ತು. ಎಲ್ಲಿಂದಲೂ ಇಲ್ಲ. ಯಾಕಂದ್ರೆ ಅದರ ಮೂಗಿಗೆ ಬೋಲ್ಟ್ ಹಾಕಿ ಮುಚ್ಚಿದವನು ನಾನೇ.

ಹಾಸನದ ನಮ್ಮ ಮನೇಲಿ 1987ರ ಬುಲೆಟ್ 350 ಇದೆ. ಅಪ್ಪ ಕೆಲಸಕ್ಕೆ ಸೇರಿದ ಹೊಸತರಲ್ಲಿ ತಗೊಂಡಿದ್ದು. ನಾನು ಮೂರನೇ ಸೆಮಿಸ್ಟರ್‌ನಲ್ಲಿದ್ದಾಗ (ಮೆಕ್ಯಾನಿಕಲ್! ಅದನ್ನು ಓದಿ ಈಗ ಜಾವಾ ಕೋಡ್ ಬರೀತಿದೀನಿ, ಅದು ಬೇರೆ ಕಥೆ) ಎಂಜಿನ್ನಿನ ಎಡಬದಿಯ ಒಂದು ರಬ್ಬರ್ ಪೈಪಿನಿಂದ ದಿನಾ ಆಯಿಲ್ ತೊಟ್ಟಿಕ್ಕೋದು. ಅಮ್ಮನ ರಂಗೋಲಿ ಪಕ್ಕದಲ್ಲೇ ಕರೀ ಕಲೆ. ಅಮ್ಮನ ಬೈಗುಳ ತಡೆಯಲಾರದೆ, ಥರ್ಮೋಡೈನಮಿಕ್ಸ್‌ನಲ್ಲಿ ಡಿಸ್ಟಿಂಕ್ಷನ್ ತಗೊಂಡಿದ್ದ ಮಹಾನುಭಾವ, ಆ ಪೈಪಿಗೆ ಸರಿಯಾದ ಸೈಜಿನ ಬೋಲ್ಟ್ ತುರುಕಿ, ಮೇಲೊಂದು ಕ್ಲಿಪ್ ಬಿಗಿದು, ಅನಾಬಾಂಡ್ ಬಳಿದು ಮುಗಿಸಿಬಿಟ್ಟೆ. ಪೈಪ್ ತೊಟ್ಟಿಕ್ಕೋದು ನಿಂತಿತು. ಎರಡು ವಾರ ಮನೇಲಿ ನನಗೆ ಮರ್ಯಾದೆ.

ಆಮೇಲೆ ಟ್ಯಾಪೆಟ್ ಕವರಿಂದ ಶುರುವಾಯ್ತು. ಅದಕ್ಕೆ ಹೊಸ ಪ್ಯಾಕಿಂಗ್ ಹಾಕಿಸಿದ್ವಿ, ರಾಕರ್ ಬಾಕ್ಸಿಂದ ಬಂತು. ಅಲ್ಲಿಗೆ ಬಳಿದ್ವಿ, ಕ್ಲಚ್ ಜಾರತೊಡಗಿತು. ನಮ್ಮ ಮೆಕ್ಯಾನಿಕ್ ಸಾಬ್ರು ನಗ್ತಾ ಎಲ್ಲರೂ ಹೇಳೋ ಮಾತನ್ನೇ ಹೇಳಿದ್ರು, "ಬುಲೆಟ್ಟಲ್ಲಿ ಆಯಿಲ್ ಲೀಕ್ ಆಗ್ತಿಲ್ಲ ಅಂದ್ರೆ ಒಳಗೆ ಆಯಿಲ್ಲೇ ಇಲ್ಲ ಅಂತ ಸಾರ್." ನಾವೂ ನಕ್ಕು ಸುಮ್ಮನಾದ್ವಿ. ವರ್ಷಗಳು ಹೋದವು, ನಾನು ಮಸ್ಕತ್ತಿಗೆ ಬಂದೆ. ಹೋದ ಮಳೆಗಾಲದಲ್ಲಿ ಫೋನ್ ಬಂತು. ಸಾಲಗಾಮೆ ರಸ್ತೆಯ ಒಂದು ತಿರುವಿನಲ್ಲಿ ಹಿಂದಿನ ಚಕ್ರ ಜಾರಿ ಅಪ್ಪ ಬಿದ್ದಿದ್ದರು. ಮೊಣಕೈ ತರಚಿತ್ತು, ಮಂಡಿ ಊದಿತ್ತು. ಪುಣ್ಯ, ಹಿಂದೆ ಗಾಡಿ ಬರ್ತಿರಲಿಲ್ಲ. ಟೈರಿನ ಪಕ್ಕ ಪೂರ್ತಿ ಆಯಿಲ್ ಮೆತ್ತಿತ್ತಂತೆ. "ಗುಜರಿಗೆ ಹಾಕಿಬಿಡ್ರೀ ಅದನ್ನ" ಅಂತ ಅಮ್ಮ. ಅಪ್ಪ ಏನೂ ಹೇಳಲಿಲ್ಲ, ಅದೇ ಹೆಚ್ಚು ಬೇಜಾರಾಗಿದ್ದು.

ಬೋಲ್ಟಿಗೂ ಟೈರಿಗೂ ಸಂಬಂಧ ಇದೆ ಅಂತ ನನಗೆ ಹೊಳೆದದ್ದು ಆ ಶೆಡ್ಡಿನಲ್ಲಿ, ಕಹ್ವಾ ಆರಿ ತಣ್ಣಗಾಗೋವಾಗ.

ಲೆಕ್ಕ ಬಹಳ ಸುಲಭ, ನೋಡಿ. ಹಳೇ ಬುಲೆಟ್ 350ರ ಬೋರ್ 70 ಮಿಲಿಮೀಟರ್, ಸ್ಟ್ರೋಕ್ 90. ಅಂದ್ರೆ 346 ಸಿಸಿ. ಪಿಸ್ಟನ್ ಮೇಲಿನ ಜಾಗದ ಬಗ್ಗೆ ಎಲ್ಲರೂ ಮಾತಾಡ್ತಾರೆ, ಅಲ್ಲೇ ತಾನೆ ಪೆಟ್ರೋಲ್ ಉರಿಯೋದು. ಆದ್ರೆ ಪಿಸ್ಟನ್ನಿಗೆ ಕೆಳಗೂ ಒಂದು ಮುಖ ಇದೆ. ಅದು ಕೆಳಗಿಳಿದಾಗ ಕ್ರ್ಯಾಂಕ್‌ಕೇಸಿನೊಳಗಿನ ಜಾಗ ಅದೇ 346 ಸಿಸಿಯಷ್ಟು ಕಮ್ಮಿಯಾಗುತ್ತೆ, ಮೇಲೇರಿದಾಗ ಅಷ್ಟೇ ಹೆಚ್ಚಾಗುತ್ತೆ. ನಿಮಿಷಕ್ಕೆ 3000 ಸುತ್ತು ಅಂದ್ರೆ ಸೆಕೆಂಡಿಗೆ 50 ಸಲ. ನಾವು ಆರಾಮಾಗಿ ಕೂತಾಗ ಒಂದು ಉಸಿರಿಗೆ ಸುಮಾರು ಅರ್ಧ ಲೀಟರ್ ಗಾಳಿ ತಗೋತೀವಿ, ಅದೂ ನಿಮಿಷಕ್ಕೆ ಹದಿನೈದು ಸಲ. ಈ ಪ್ರಾಣಿ ಒಂದು ಸೆಕೆಂಡಿನಲ್ಲಿ 17 ಲೀಟರ್ ಆಚೆ ತಳ್ಳಿ 17 ಲೀಟರ್ ಒಳಗೆಳೆಯೋಕೆ ನೋಡುತ್ತೆ. ಇದರ ಜೊತೆಗೆ ರಿಂಗುಗಳ ಸಂದಿಯಿಂದ ಒಂದಿಷ್ಟು ಉರಿದ ಹೊಗೆ ಮೇಲಿಂದ ಕೆಳಗೆ ನುಸುಳುತ್ತೆ. ಹೊಚ್ಚ ಹೊಸ ಎಂಜಿನ್ನಲ್ಲೂ ಸ್ವಲ್ಪ ನುಸುಳೇ ನುಸುಳುತ್ತೆ. ಇದು ಎಲ್ಲಿಗಾದರೂ ಹೋಗಬೇಕಲ್ಲ?

ಮೂಗು ಮುಚ್ಚಿದರೆ ಆ ಒತ್ತಡ ಸಿಕ್ಕ ಸಂದಿಯಲ್ಲೆಲ್ಲ ದಾರಿ ಹುಡುಕುತ್ತೆ, ಹೋಗ್ತಾ ಆಯಿಲ್ಲನ್ನೂ ಕರ್ಕೊಂಡು ಹೋಗುತ್ತೆ. ಪುಶ್‌ರಾಡ್ ದಾರಿಯಲ್ಲಿ ಮೇಲೆ ರಾಕರ್ ಬಾಕ್ಸಿಗೆ. ಎಡಗಡೆ ಕ್ರ್ಯಾಂಕ್ ಸೀಲ್ ದಾಟಿ ಪ್ರೈಮರಿ ಚೈನ್‌ಕೇಸಿಗೆ. ಅಲ್ಲಿ ಕ್ಲಚ್ಚಿನ ಆಯಿಲ್ ಅಳತೆ ಮೀರಿ ತುಂಬಿ ಕ್ಲಚ್ ಜಾರೋದು. ಇನ್ನೂ ತುಂಬಿದರೆ ಹಿಂದೆ ಗೇರ್‌ಬಾಕ್ಸ್ ಸ್ಪ್ರಾಕೆಟ್ ಹತ್ತಿರ ಇಳಿದು ಚೈನಿಗೆ, ಚೈನಿಂದ ಎರಚಿ ಟೈರಿಗೆ. ನಾವು ಮೂರು ಬೇರೆ ಬೇರೆ ಕಾಯಿಲೆ ಅಂತ ಮೂರು ಸಲ ದುಡ್ಡು ಕೊಟ್ಟಿದ್ದು ಒಂದೇ ಕಾಯಿಲೆಗೆ. ಅದೂ ನಾನೇ ಅಂಟಿಸಿದ್ದು.

ಹಾಗಾಗಿ ನನ್ನ ವಾದ ಇಷ್ಟು. ಹಳೇ ಬುಲೆಟ್ ಆಯಿಲ್ ಕಾರೋದು ಅದರ ಹಣೆಬರಹ ಅಲ್ಲ. ನಾವು ಹೊರಗಿಂದ ಬಳಿದೂ ಬಳಿದೂ ಸಾಯ್ತೀವಿ, ಒಳಗಿನ ಒತ್ತಡ ಇಳಿಸೋದಿಲ್ಲ. ಆ ಜೋಕು ಹೇಳಿ ನಗೋದನ್ನ ಮೊದಲು ಬಿಡಬೇಕು. ಆ ಜೋಕಿನ ದೆಸೆಯಿಂದಲೇ ಯಾರೂ ಪೈಪಿನ ಕಡೆ ಬಗ್ಗಿ ನೋಡಲ್ಲ.

ನಮ್ಮ ಕಡೆ ಈ ಮುಚ್ಚೋ ಚಟ ಯಾಕೆ ಬಂತು ಅಂತ ನನ್ನದೊಂದು ಊಹೆ ಇದೆ, ಒಪ್ಪೋದು ಬಿಡೋದು ನಿಮ್ಮಿಷ್ಟ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ನಡೀತು. ಹಾಸನ, ಮಂಡ್ಯ, ಚಿಕ್ಕಮಗಳೂರು ಕಡೆಯ ಹಳೇ ತಲೆಮಾರಿನ ಮೆಕ್ಯಾನಿಕ್‌ಗಳ ಕೈ ಪಳಗಿದ್ದು ಜಾವಾ, ಯೆಜ್ಡಿ ಮೇಲೆ. ಅವು ಟೂ ಸ್ಟ್ರೋಕ್. ಅಲ್ಲಿ ಪೆಟ್ರೋಲ್ ಮತ್ತು ಗಾಳಿ ಮೊದಲು ಹೋಗೋದೇ ಕ್ರ್ಯಾಂಕ್‌ಕೇಸಿಗೆ, ಪಿಸ್ಟನ್ನಿನ ಕೆಳಮುಖವೇ ಅದನ್ನು ಒತ್ತಿ ಮೇಲಕ್ಕೆ ಕಳಿಸೋದು. ಕ್ರ್ಯಾಂಕ್ ಸೀಲ್ ಒಂಚೂರು ಸೋರಿದರೂ ಗಾಡಿ ಮೊಂಡು ಹಿಡಿಯುತ್ತೆ. ಅಲ್ಲಿ ಸೋರಿಕೆ ಮುಚ್ಚೋದೇ ಧರ್ಮ. ಆ ಧರ್ಮವನ್ನ ಫೋರ್ ಸ್ಟ್ರೋಕಿಗೆ ತಂದರೆ ಮಾತ್ರ ಅನಾಹುತ. ಒಂದೇ ಆಕಾರದ ಡಬ್ಬಿ, ಒಳಗಿನ ನಿಯಮ ಪೂರಾ ಉಲ್ಟಾ.

ಇಂಗ್ಲೆಂಡಿನ ರೆಡಿಚ್‌ನಲ್ಲಿ ಈ ಎಂಜಿನ್ ರೂಪಿಸಿದವರಿಗೆ ಇದೆಲ್ಲ ಗೊತ್ತಿತ್ತು. 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಶುರುವಾದಾಗ ಅದೇ ವಿನ್ಯಾಸ ಇಲ್ಲಿಗೂ ಬಂತು. ಹಳೇ ಬುಲೆಟ್ಟಿನ ಬ್ರೀದರ್ ತುದಿಯಲ್ಲಿ ಬಾತುಕೋಳಿ ಕೊಕ್ಕಿನ ಥರ ಚಪ್ಪಟೆ ರಬ್ಬರ್ ಇರುತ್ತೆ. ಒಳಗಿಂದ ಗಾಳಿ ತಳ್ಳಿದಾಗ ಕೊಕ್ಕು ತೆರೆಯುತ್ತೆ, ಒಳಗೆ ಎಳೆದಾಗ ಮುಚ್ಕೊಳ್ಳುತ್ತೆ. ಅಷ್ಟೇ. ಆದರೆ ರಬ್ಬರ್ ತಾನೆ, ಬಿಸಿಗೆ ಗಟ್ಟಿಯಾಗಿ ತೆರೆದ ಬಾಯಿ ತೆರೆದಂಗೇ ಉಳಿಯುತ್ತೆ, ಇಲ್ಲಾ ಅಂಟ್ಕೊಂಡುಬಿಡುತ್ತೆ. ಎಷ್ಟೋ ಗಾಡಿಗಳಲ್ಲಿ ಅದನ್ನ ಕಿತ್ತು ಮಾಮೂಲಿ ಪೆಟ್ರೋಲ್ ಟ್ಯೂಬ್ ಸಿಕ್ಕಿಸಿರ್ತಾರೆ. ನಮ್ಮ ಗಾಡಿಯದೂ ಅದೇ ಕಥೆ. ಆ ಕೊಕ್ಕು ಇದ್ದಿದ್ದರೆ ರಂಗೋಲಿ ಪಕ್ಕ ಅಷ್ಟೊಂದು ಬೀಳ್ತಿರಲಿಲ್ಲ, ನಾನು ಬೋಲ್ಟ್ ಹುಡುಕ್ತಿರಲಿಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ, ನನಗೂ ತಲೆಗೆ ಹೋಗೋಕೆ ಸ್ವಲ್ಪ ಹೊತ್ತು ಬೇಕಾಯ್ತು. ಬರೀ ತೆರೆದ ಪೈಪ್ ಇದ್ದರೆ ಸಾಲದಾ? ಸಾಲದು. ತೆರೆದ ಪೈಪಿನಲ್ಲಿ ಅದೇ ಗಾಳಿ ಸೆಕೆಂಡಿಗೆ 50 ಸಲ ಹೋಗಿ ಬಂದು ಮಾಡುತ್ತೆ. ಪ್ರತಿ ಸಲವೂ ಒಳಗಿನ ಆಯಿಲ್ ಮಂಜನ್ನ ಹೊರಗೆಳೆಯುತ್ತೆ, ಹೊರಗಿನ ಧೂಳು ತೇವ ಒಳಗೆ ತರುತ್ತೆ. ಒಮ್ಮುಖ ವಾಲ್ವ್ ಇದ್ದರೆ ಮೊದಲ ಕೆಲವು ಸುತ್ತಿನಲ್ಲೇ ಹೆಚ್ಚಿನ ಗಾಳಿ ಹೊರಗೆ ಹೋಗಿಬಿಡುತ್ತೆ, ವಾಪಸ್ ಬರಲ್ಲ. ಆಮೇಲೆ ಕ್ರ್ಯಾಂಕ್‌ಕೇಸಿನ ಸರಾಸರಿ ಒತ್ತಡ ಹೊರಗಿನದಕ್ಕಿಂತ ಒಂಚೂರು ಕಮ್ಮಿ ಇರುತ್ತೆ. ರಿಂಗಿಂದ ನುಸುಳಿದಷ್ಟು ಮಾತ್ರ ಹೊರಗೆ ಹೋದರೆ ಸಾಕು. ಒಳಗೆ ಒತ್ತಡ ಕಮ್ಮಿ ಇದ್ದಾಗ ಸವೆದ ಪ್ಯಾಕಿಂಗ್ ಸಂದಿಯಲ್ಲಿ ಗಾಳಿ ಒಳಕ್ಕೆ ಹೋಗೋಕೆ ನೋಡುತ್ತೆ, ಆಯಿಲ್ ಹೊರಗೆ ಬರಲ್ಲ. ಯಾವ ಅನಾಬಾಂಡ್ ಮಾಡಲಾಗದ ಕೆಲಸ ಇದು.

ಒಮಾನಿ ಗೆಳೆಯರ ಟ್ರಯಂಫ್‌ನಲ್ಲಿ ಎರಡು ಸಿಲಿಂಡರ್ ಇದ್ದರೂ ಎರಡು ಪಿಸ್ಟನ್ನೂ ಒಟ್ಟಿಗೇ ಮೇಲೆ, ಒಟ್ಟಿಗೇ ಕೆಳಗೆ. ಹಾಗಾಗಿ ಈ ವಿಷಯದಲ್ಲಿ ಅದು 650 ಸಿಸಿಯ ಒಂಟಿ ಸಿಲಿಂಡರ್ ಇದ್ದಂಗೆ. ಅವರು ಮಾಡಿದ್ದು ರಬ್ಬರ್ ಬದಲು ಆ ತೂತಿನ ಬಿಲ್ಲೆ. ಕ್ಯಾಮ್ ಜೊತೆ ತಿರುಗುತ್ತಾ, ಪಿಸ್ಟನ್ ಇಳಿಯೋ ಹೊತ್ತಿಗೆ ಸರಿಯಾಗಿ ಬಾಗಿಲು ತೆಗೆದು ಹಾಕುತ್ತೆ. ಚಂದದ ಕೆಲಸ. 1970ರ ಹೊತ್ತಿಗೆ ಟ್ರಯಂಫಿನವರೇ ಅದನ್ನ ಬಿಟ್ಟು ಪ್ರೈಮರಿ ಕೇಸಿನ ಮೂಲಕ ಉಸಿರಾಡೋ ಏರ್ಪಾಡು ಮಾಡಿದರು.

ಸರಿ, ನಾನೇನು ಮಾಡಿದೆ? ವಾದಿ ಕಬೀರ್‌ನ ಹಳೇ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ಅಲೆದು ಒಂದು ಟೊಯೋಟಾ ಕಾರಿನ ಪಿಸಿವಿ ವಾಲ್ವ್ ತಗೊಂಡೆ, ಒಂದೂವರೆ ರಿಯಾಲ್. ಕಾರುಗಳಲ್ಲಿ ಕ್ರ್ಯಾಂಕ್‌ಕೇಸ್ ಹೊಗೆಯನ್ನ ವಾಪಸ್ ಎಂಜಿನ್ನಿಗೇ ಕುಡಿಸೋ ವಾಲ್ವ್ ಅದು. ಅಮೆರಿಕದಲ್ಲಿ 1960ರ ದಶಕದ ಮೊದಲಲ್ಲಿ ಕ್ಯಾಲಿಫೋರ್ನಿಯಾದವರು ಹೊಗೆ ತಡೆಯೋಕೆ ಅಂತ ಇದನ್ನ ಕಡ್ಡಾಯ ಮಾಡಿದ ಮೇಲೆ ಎಲ್ಲ ಕಡೆ ಹಬ್ಬಿತು. ಊರಿಗೆ ಹೋಗೋರು ಬಾದಾಮಿ, ಸೆಂಟು, ಖರ್ಜೂರ ಒಯ್ತಾರೆ. ನಾನು ವಾಲ್ವು, ಒಂದೂವರೆ ಮೀಟರ್ ಆಯಿಲ್ ತಡೆಯೋ ಹೋಸ್ ಒಯ್ದೆ. "ಇದೇನೋ ನಿಮ್ಮೂರಿನ ಹಲ್ವಾನಾ?" ಅಂದರು ಅಪ್ಪ.

ಬೋಲ್ಟ್ ಕಿತ್ತು ತೋರಿಸಿದೆ. ಅಪ್ಪ ಅದನ್ನ ಕೈಯಲ್ಲಿ ತಿರುಗಿಸಿ ನೋಡಿ, "ಇದನ್ನ ಹಾಕಿದ್ದು ಯಾರು?" ಅಂದರು. "ನಾನೇ ಅಪ್ಪಾ, ಕಾಲೇಜಲ್ಲಿದ್ದಾಗ." ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅಷ್ಟು ಫೀಸು ಕಟ್ಟಿ ಓದಿಸಿದ್ದಕ್ಕೆ..." ಅಂತ ಶುರು ಮಾಡಿ ಅಲ್ಲಿಗೇ ನಿಲ್ಲಿಸಿದರು. ನಿಲ್ಲಿಸದೇ ಇದ್ದಿದ್ದರೇ ಚೆನ್ನಾಗಿತ್ತು.

ವಾಲ್ವ್ ಹಾಕೋದು ಹತ್ತು ನಿಮಿಷದ ಕೆಲಸ, ಆದರೆ ನಾನು ಮೊದಲ ಸಲ ಉಲ್ಟಾ ಹಾಕಿದೆ :-( ಐದೇ ನಿಮಿಷದಲ್ಲಿ ಟ್ಯಾಪೆಟ್ ಕವರ್ ಸುತ್ತ ಬೆವರಿದಂಗೆ ಆಯಿಲ್. ಬಾಯಲ್ಲಿ ಊದಿ ನೋಡಿ ಹಾಕಿ, ಎಂಜಿನ್ ಕಡೆಯಿಂದ ಊದಿದರೆ ಗಾಳಿ ಹೋಗಬೇಕು, ಎಳೆದರೆ ಬರಬಾರದು. ಎಂಜಿನ್ನಿಗೆ ಎಷ್ಟು ಹತ್ತಿರ ಹಾಕ್ತೀರೋ ಅಷ್ಟು ಒಳ್ಳೇದು, ದೂರ ಹಾಕಿದರೆ ನಡುವಿನ ಪೈಪಿನ ಗಾಳಿಯೇ ಸ್ಪ್ರಿಂಗ್ ಥರ ಆಡುತ್ತೆ. ಪೈಪು ಸಣ್ಣದಾಗಬಾರದು. 8 ಮಿಲಿಮೀಟರ್ ಕೊಳವೆಗಿಂತ 12 ಮಿಲಿಮೀಟರಿನದಕ್ಕೆ ಎರಡೂಕಾಲು ಪಟ್ಟು ದಾರಿ. ನಡುವೆ ಎಲ್ಲೂ ಜೋತುಬಿದ್ದು ಹಳ್ಳ ಆಗಬಾರದು, ಅಲ್ಲಿ ನೀರು ಆಯಿಲ್ ಸೇರಿ ಮೊಸರಿನಂಥ ಬಿಳೀ ಲೋಳೆ ಕೂತು ಮತ್ತೆ ಮೂಗು ಕಟ್ಟುತ್ತೆ.

ಕಾರಿನ ವಾಲ್ವೇ ಶ್ರೇಷ್ಠ ಅಂತ ನಾನು ಹೇಳಲ್ಲ. ಅದರೊಳಗಿನ ಸ್ಪ್ರಿಂಗ್ ಕಾರಿನ ಎಳೆತಕ್ಕೆ ಅಂತ ಮಾಡಿದ್ದು, ಒಂಟಿ ಸಿಲಿಂಡರಿನ ಬಡಿತಕ್ಕೆ ಸ್ವಲ್ಪ ಸೋಮಾರಿ. ಈಗಿನ ಎಷ್ಟೋ ಬೈಕುಗಳಲ್ಲಿ ಸೈಲೆನ್ಸರ್ ಕಡೆಗೆ ಗಾಳಿ ಬಿಡೋಕೆ ಒಂದು ಪುಟ್ಟ ರೀಡ್ ವಾಲ್ವ್ ಇರುತ್ತೆ, ತೆಳು ಉಕ್ಕಿನ ಎಲೆ. ಬಡಿತಕ್ಕೆ ತಕ್ಕಂಗೆ ಕುಣಿಯೋದು ಅದೇ. ಮುಂದಿನ ರಜೆಗೆ ನನ್ನ ಕಣ್ಣು ಅದರ ಮೇಲಿದೆ.

ಇನ್ನು ಗಲ್ಫಿನಲ್ಲೋ ಅಮೆರಿಕದಲ್ಲೋ ಇದ್ದು ಊರಲ್ಲಿ ಬುಲೆಟ್ ನಿಲ್ಲಿಸಿ ಬಂದಿರೋ ನನ್ನಂಥವರಿಗೆ ಬೇರೆಯದೇ ಒಂದು ಮಾತು. ನೀವು ಹನ್ನೊಂದು ತಿಂಗಳಾದ ಮೇಲೆ ಹೋಗ್ತೀರಿ, ಟಾರ್ಪಾಲ್ ಸರಿಸ್ತೀರಿ, ಆಂಪ್ ಮೀಟರ್ ಮುಳ್ಳು ನೋಡ್ಕೊಂಡು ಶಾಸ್ತ್ರೋಕ್ತವಾಗಿ ಕಿಕ್ ಹೊಡೀತೀರಿ. ಎಂಜಿನ್ ಗುಡುಗುತ್ತೆ, ಮರುಕ್ಷಣ ಬ್ರೀದರಿಂದ ಬಳಬಳ ಅಂತ ಒಂದು ಲೋಟ ಆಯಿಲ್ ನೆಲಕ್ಕೆ. ಎಲ್ಲರೂ "ಸೀಲ್ ಹೋಯ್ತು" ಅಂತಾರೆ. ಸೀಲ್ ಹೋಗಿಲ್ಲ ಸ್ವಾಮಿ. ಈ ಎಂಜಿನ್ನಿನ ಆಯಿಲ್ ಟ್ಯಾಂಕ್ ಕ್ರ್ಯಾಂಕ್‌ಕೇಸಿನ ಎರಕದಲ್ಲೇ ಹಿಂದುಗಡೆ ಬೇರೆ ಕೋಣೆಯಾಗಿ ಇದೆ. ತಿಂಗಳುಗಟ್ಟಲೆ ನಿಂತರೆ ಆಯಿಲ್ ಪಂಪಿನ ಸಂದಿಯಿಂದ ಮೆಲ್ಲಗೆ ಕ್ರ್ಯಾಂಕ್ ಇರೋ ಕೋಣೆಗೆ ಇಳಿಯುತ್ತೆ. ಕಿಕ್ ಹೊಡೆದಾಗ ಹೊರಗೆ ಬರೋದು ಅದು. ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಕಿಕ್ ಮಾಡೋ ಮುಂಚೆ ಅಳತೆ ಕಡ್ಡಿ ಎತ್ತಿ ನೋಡ್ತೀವಿ, ಕಮ್ಮಿ ಕಾಣುತ್ತೆ, ಅರ್ಧ ಲೀಟರ್ ಸುರೀತೀವಿ. ಇದ್ದ ಆಯಿಲ್ ಒಳಗೇ ಇತ್ತು, ಈಗ ಅರ್ಧ ಲೀಟರ್ ಜಾಸ್ತಿ. ಅದೂ ಮೂಗಿಂದಲೇ ಬರಬೇಕು.

ಮಾಡಬೇಕಾದ್ದು ಇಷ್ಟೇ. ಮೊದಲ ಕಿಕ್‌ಗೆ ಮುಂಚೆ ಅಡಿಯಲ್ಲಿರೋ ಕ್ರ್ಯಾಂಕ್ ಕೋಣೆಯ ಡ್ರೈನ್ ಬೋಲ್ಟ್ ಬಿಚ್ಚಿ ಅಲ್ಲಿ ಸೇರಿರೋದನ್ನ ಶುದ್ಧವಾದ ಪಾತ್ರೆಗೆ ಇಳಿಸಿಕೊಳ್ಳಿ. ಅಡಿಯಲ್ಲಿ ಒಂದಕ್ಕಿಂತ ಹೆಚ್ಚು ಬೋಲ್ಟ್ ಇವೆ, ಯಾವುದು ಅಂತ ಗೊತ್ತಿಲ್ಲದಿದ್ದರೆ ಮೊದಲ ಸಲ ಮೆಕ್ಯಾನಿಕ್ಕನ್ನ ಪಕ್ಕದಲ್ಲಿಟ್ಕೊಳ್ಳಿ. ಆಯಿಲ್ ಚೆನ್ನಾಗಿದ್ದರೆ ಸೋಸಿ ಟ್ಯಾಂಕಿಗೇ ಹಾಕಿ. ಹತ್ತು ನಿಮಿಷ ಓಡಿಸಿ, ನಿಲ್ಲಿಸಿ, ಆಮೇಲೆ ಅಳತೆ ನೋಡಿ.

"ಒರಿಜಿನಲ್" ಪಂಥದವರು ನನ್ನ ಮೇಲೆ ಸಿಟ್ಟಾಗಬಹುದು. ಗಾಡಿ ಫ್ಯಾಕ್ಟರಿಯಿಂದ ಬಂದ ಹಾಗೇ ಇರಬೇಕು, ಟೊಯೋಟಾ ವಾಲ್ವ್ ಹಾಕೋದು ಅಪಚಾರ ಅಂತ. ಸ್ವಾಮಿ, ಫ್ಯಾಕ್ಟರಿಯಿಂದ ಬಂದಾಗ ಕೊಕ್ಕು ಇತ್ತಲ್ಲ? ಅದು ಕೊಟ್ಟಿದ್ದ ಕೆಲಸ ವಾಪಸ್ ಕೊಟ್ಟಿದೀನಿ, ಅಷ್ಟೇ. ಒಳ್ಳೇ ರಬ್ಬರ್ ಕೊಕ್ಕೇ ಸಿಕ್ಕರೆ ಅದನ್ನೇ ಹಾಕಿ, ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ಬಿರುಕು ಬಿಟ್ಟ ಕೊಕ್ಕನ್ನ ಒರಿಜಿನಲ್ ಅಂತ ಪೂಜೆ ಮಾಡೋದರಲ್ಲಿ ನನಗೆ ನಂಬಿಕೆ ಇಲ್ಲ.

ಪರಿಸರದವರ ಆಕ್ಷೇಪ ಮಾತ್ರ ನ್ಯಾಯವಾದದ್ದು. ಪೈಪನ್ನ ಹಿಂದಿನ ಮಡ್‌ಗಾರ್ಡ್ ತುದಿವರೆಗೆ ಎಳೆದು ಗಾಳಿಗೆ ಬಿಡೋರು ಬಹಳ ಜನ. ರಸ್ತೆ ಮೇಲೆ ಆಯಿಲ್ ಹನಿ ಬೀಳಿಸೋದು ಅಂದ್ರೆ ಹಿಂದೆ ಬರೋ ಇನ್ಯಾರದೋ ಅಪ್ಪನನ್ನ ಬೀಳಿಸೋದು. ನಾನು ಒಂದು ಪುಟ್ಟ ಬಾಟಲಿಗೆ ಇಳಿಸಿ, ಬಾಟಲಿಯ ಮೇಲ್ಭಾಗದಿಂದ ಇನ್ನೊಂದು ಪೈಪನ್ನ ಏರ್ ಫಿಲ್ಟರ್ ಡಬ್ಬಿಗೆ ಕೊಟ್ಟಿದೀನಿ. ಆಮೇಲಿನ ಬುಲೆಟ್‌ಗಳಲ್ಲಿ ಕಂಪನಿಯವರೇ ಇಂಥದ್ದೊಂದು ಡಬ್ಬಿ ಕೊಟ್ಟಿದ್ದಾರೆ.

ಇದು ಸರ್ವರೋಗ ನಿವಾರಕ ಅಂತ ತಿಳ್ಕೋಬೇಡಿ. ರಿಂಗು, ಬೋರು ಸವೆದು ನೀಲಿ ಹೊಗೆ ಬರ್ತಿದ್ದರೆ ಯಾವ ಮೂಗೂ ಸಾಲದು, ಬೋರ್ ಮಾಡಿಸಲೇಬೇಕು. ಸೆಕೆಯೂ ಲೆಕ್ಕಕ್ಕೆ ಬರುತ್ತೆ. ಇಲ್ಲಿ ಮಸ್ಕತ್ ಪಕ್ಕದ ಖುರಿಯಾತ್‌ನಲ್ಲಿ 2018ರ ಜೂನ್‌ನಲ್ಲಿ ಇಡೀ 24 ಗಂಟೆ, ರಾತ್ರಿಯೂ ಸೇರಿ, ಉಷ್ಣಾಂಶ 42.6 ಡಿಗ್ರಿಗಿಂತ ಕೆಳಗೆ ಇಳಿಯಲೇ ಇಲ್ಲ. ಅಂಥ ಹವೆಯಲ್ಲಿ ಗಾಳಿಯಿಂದಲೇ ತಣ್ಣಗಾಗಬೇಕಾದ ಎಂಜಿನ್ ಓಡಿಸಿದರೆ ಆಯಿಲ್ ನೀರಾಗಿ ಮಂಜು ಹೆಚ್ಚೇ ಏಳುತ್ತೆ. ಒಮಾನಿ ಗೆಳೆಯರು ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಟ್ರಯಂಫ್ ಮುಟ್ಟೋದೇ ಇಲ್ಲ. ಹಾಸನದಲ್ಲಿ ನಮಗೆ ಆ ಕಷ್ಟ ಇಲ್ಲ ಬಿಡಿ.

ರಜೆ ಮುಗಿಯೋ ಮುಂಚೆ ನಾನೂ ಅಪ್ಪನೂ ಸಕಲೇಶಪುರಕ್ಕೆ ಹೋಗಿ ಬಂದ್ವಿ. ಹೋಗ್ತಾ ನಾನು ಓಡಿಸಿದೆ, ಬರ್ತಾ ಅವರೇ ಕೀ ಕೇಳಿ ಇಸ್ಕೊಂಡರು. ಮನೆಗೆ ಬಂದು ಹಳೇ ಬನಿಯನ್ ಬಟ್ಟೇಲಿ ಟ್ಯಾಪೆಟ್ ಕವರ್ ಒರೆಸಿದ್ವಿ, ಒಣಗಿತ್ತು. ಬಾಟಲಿಯಲ್ಲಿ ಒಂದು ಟೀ ಚಮಚದಷ್ಟು ಆಯಿಲ್. ಟೈರಿಗೆ ಏನೂ ಇರಲಿಲ್ಲ. ಅಮ್ಮ ಬಂದು ಟಾರ್ಚ್ ಹಿಡಿದು ಗಾಡಿ ಕೆಳಗಿನ ಕಲ್ಲು ನೋಡಿ, ಏನೂ ಹೇಳದೆ ಒಳಗೆ ಹೋದರು. ಗುಜರಿ ಮಾತು ಆಮೇಲೆ ಬಂದಿಲ್ಲ.

ಹೋದ ಭಾನುವಾರ ಫೋನ್ ಮಾಡಿದಾಗ ಅಪ್ಪ ಹೇಳಿದರು, "ಮೂರು ವಾರ ನಿಂತಿತ್ತು ಕಣೋ, ಇವತ್ತು ನೀನು ಹೇಳಿದಂಗೆ ಮೊದಲು ಕೆಳಗಿನ ಬೋಲ್ಟ್ ಬಿಚ್ಚಿದೆ. ಅರ್ಧ ಲೋಟ ಬಂತು." ಆ ಹಳೇ ಬೋಲ್ಟನ್ನ ಎಸೆದಿಲ್ಲವಂತೆ, ಟಿವಿ ಪಕ್ಕ ಇಟ್ಟಿದ್ದಾರೆ. ಬಂದವರಿಗೆಲ್ಲ ತೋರಿಸ್ತಾರೆ, "ನಮ್ಮ ಎಂಜಿನಿಯರ್ ಮಗ ಮಾಡಿದ್ದು" ಅಂತ.